ಬಂದೂಕು ಹಿಡಿದ ಅಪರಾಧ: ಶಿಕ್ಷೆಗಳ ಎಣಿಕೆ ಹೇಗೆ?

ಬಂದೂಕು ತೋರಿಸಿ ದರೋಡೆ ನಡೆಸಿದ ತಂಡದ ಸದಸ್ಯನು ಒಂದೇ ಘಟನೆಯಲ್ಲಿ ಹಲವು ಅಪರಾಧಗಳಿಗೆ ಹೊಣೆಯಾಗಬಹುದು. ದರೋಡೆಯಲ್ಲಿ ಮಾರಕಾಯುಧ ಬಳಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 311ನೆಯ ಕಲಂ ಪ್ರಕಾರ ಕನಿಷ್ಠ 7 ವರ್ಷಗಳ ಕಾರಾವಾಸ. ಸಂಘಟಿತ ಅಪರಾಧಕೂಟದ ಸದಸ್ಯನು ಅಕ್ರಮವಾಗಿ ಬಂದೂಕು ಹೊಂದಿದ್ದರೆ, 2019ರಲ್ಲಿ ತಿದ್ದುಪಡಿಯಾದ ಆಯುಧಗಳ ಅಧಿನಿಯಮದಂತೆ ಕನಿಷ್ಠ 10 ವರ್ಷ, ಗುಂಡು ಹಾರಿಸಿರಲೇಬೇಕೆಂದಿಲ್ಲ.

ಈ ಎರಡು ಶಿಕ್ಷೆಗಳು ಏಕಕಾಲದಲ್ಲಿ ಜಾರಿಯಾದರೆ ಸೆರೆವಾಸ 10 ವರ್ಷ. ಒಂದರ ನಂತರ ಒಂದು ಜಾರಿಯಾದರೆ 17 ವರ್ಷ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ನ್ಯಾಯಾಲಯವು ಏಕಕಾಲದಲ್ಲಿ ಎಂದು ಆದೇಶಿಸದಿದ್ದರೆ ಶಿಕ್ಷೆಗಳು ಒಂದರ ನಂತರ ಒಂದು ನಡೆಯುತ್ತಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೆಯ ಕಲಂ ಪ್ರಕಾರ, ಅಪರಾಧಗಳ ಗಂಭೀರತೆಯನ್ನು ಪರಿಗಣಿಸಿ ನ್ಯಾಯಾಲಯವೇ ಇದನ್ನು ನಿರ್ದಿಷ್ಟಪಡಿಸಬೇಕು. ಆದರೆ ಜೀವಾವಧಿ ಶಿಕ್ಷೆಗಳನ್ನು ಒಂದರ ನಂತರ ಒಂದರಂತೆ ಜಾರಿಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2016ರಲ್ಲಿ ತೀರ್ಪಿತ್ತಿದೆ; ಮನುಷ್ಯನಿಗಿರುವುದು ಒಂದೇ ಜೀವ.

ಆದುದರಿಂದ ತೀರ್ಪಿನ ಪ್ರತಿಯಲ್ಲಿ ಈ ಆದೇಶವಿದೆಯೇ ಎಂಬುದನ್ನು ನೋಡುವುದು ಅವಶ್ಯ. ಬಂಧನದಲ್ಲಿರುವವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದನ್ವಯ ಉಚಿತ ಕಾನೂನು ನೆರವಿಗೆ ಅರ್ಹರು.