ರೈತರ ಮನೆಯಲ್ಲಿ ಮೂರು ಹಂತದ ಬೆಳಕು

ಗದಗ-ಬೆಟಗೇರಿ ಸುತ್ತಮುತ್ತ ಹಾಗೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ದಪ್ಪ ಗೋಡೆಗಳಿಂದಾಗಿ ಬೇಸಿಗೆಯಲ್ಲಿ ಇವು ತಂಪಾಗಿರುತ್ತವೆ. ಆದರೆ ಕಿಟಕಿಗಳು ಚಿಕ್ಕವಾದ್ದರಿಂದ ಒಳಗೆ ಬೆಳಕು ಕಡಿಮೆ. ಹಿಂದೆ ಹಗಲಿಗೆ ಬೆಳಕಿಂಡಿ, ಸಂಜೆಗೆ ಗೋಡೆಯ ಮಾಡದಲ್ಲಿ ಚಿಮಣಿ, ದನಗಳ ಕಡೆ ಹೋಗಲು ಕಂದೀಲು ಇರುತ್ತಿದ್ದವು. ದೀಪ ಚಿಕ್ಕದಾದರೂ ಕೆಲಸದ ಹತ್ತಿರವೇ ಇರುತ್ತಿತ್ತು. ವಿದ್ಯುತ್ ಬಂದ ಮೇಲೆ ಅನೇಕರು ಪಡಸಾಲೆಯ ತೊಲೆಗೆ ಒಂದು ದೊಡ್ಡ ಬಲ್ಬು ತೂಗುಹಾಕಿ, ಅದರಿಂದಲೇ ಎಲ್ಲ ಕೆಲಸ ಆಗಬೇಕೆಂದು ಬಯಸುತ್ತಾರೆ. ಇದು ಸರಿಯಲ್ಲ.

ಕಾರಣವೇನು?

ದೀಪದಿಂದ ದೂರ ಎರಡು ಪಟ್ಟಾದರೆ ನೇರವಾಗಿ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗ ಮಾತ್ರ. ಇದಲ್ಲದೆ ನೆರಳಿನ ತೊಂದರೆಯೂ ಇದೆ. ದಟ್ಟವಾಗಿ ಬೆಳೆದ ತೊಗರಿಯ ಮೇಲಿನ ಎಲೆಗಳು ಬಿಸಿಲನ್ನು ತಡೆದಾಗ ಕೆಳಗಿನ ಎಲೆಗಳು ಕತ್ತಲಲ್ಲಿ ಉಳಿಯುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಬೆನ್ನ ಹಿಂದೆ ಬಲ್ಬು ಇದ್ದರೆ ರೊಟ್ಟಿ ಬಡಿಯುವ ತಾಯಿಯ ನೆರಳು ಕೊಣಮಿಗೆಯ ಮೇಲೆ, ಕಾಳು ಹಸನು ಮಾಡುವವರ ನೆರಳು ಮೊರದ ಮೇಲೆ ಬೀಳುತ್ತದೆ. ಬಲ್ಬು ದೊಡ್ಡದು ಮಾಡಿದರೂ ನೆರಳು ಹೋಗುವುದಿಲ್ಲ.

ಮೂರು ಹಂತಗಳು

1. ಸಾಮಾನ್ಯ ಬೆಳಕು: ಪಡಸಾಲೆಗೆ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಸಾಕು. ಗೋಡೆಗೆ ಮತ್ತು ಮಾಳಿಗೆಯ ಒಳಮೈಗೆ ಸುಣ್ಣ ಬಳಿಯಿರಿ. ಮಸಿ ಹಿಡಿದ ಗೋಡೆ ಬೆಳಕನ್ನು ನುಂಗುತ್ತದೆ, ಬಿಳಿ ಗೋಡೆ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಮುಚ್ಚಿಹೋದ ಬೆಳಕಿಂಡಿಯನ್ನು ತೆರೆದು ಗಾಜು ಕೂಡಿಸಿದರೆ ಹಗಲು ದೀಪವೇ ಬೇಡ.

2. ಕೆಲಸದ ಬೆಳಕು: ಒಲೆಯ ಬಳಿ, ಮಕ್ಕಳು ಓದುವಲ್ಲಿ, ಕಾಳು ಆರಿಸುವಲ್ಲಿ ಬೇರೆ ದೀಪ ಇರಲಿ. ಅದು ಕುಳಿತವರ ಮುಂದೆ ಅಥವಾ ಪಕ್ಕದಲ್ಲಿರಬೇಕು, ಕಣ್ಣಿಗೆ ನೇರವಾಗಿ ಹೊಡೆಯಬಾರದು. ಬಲಗೈಯಿಂದ ಬರೆಯುವ ಮಗುವಿಗೆ ಎಡಗಡೆಯಿಂದ ಬೆಳಕು ಬರಲಿ. ಮೆಣಸಿನಕಾಯಿಯ ಬಣ್ಣ ನೋಡಿ ಬಿಳಿಗಾಯಿ ತೆಗೆಯುವ ಕೆಲಸವನ್ನು ಹಗಲಿನಲ್ಲಿಯೇ ಮಾಡುವುದು ಉತ್ತಮ.

3. ದಾರಿಯ ಬೆಳಕು: ಇದನ್ನು ಬಹಳ ಜನ ಮರೆಯುತ್ತಾರೆ. ಮುಂಡರಗಿ ಕಡೆಯ ಒಂದು ಮನೆಯಲ್ಲಿ ರೈತರೊಬ್ಬರು ರಾತ್ರಿ ಮೇವು ಹಾಕಲು ಹೋದಾಗ ಗ್ವಾದಲಿಯ ಬುಡದಲ್ಲಿ ಕೊಳಕುಮಂಡಲ ಸುತ್ತಿ ಮಲಗಿತ್ತು. ಕೈಯಲ್ಲಿ ಬ್ಯಾಟರಿ ಇದ್ದುದರಿಂದ ಕಾಲು ಇಡುವ ಮುನ್ನ ಕಂಡಿತು. ಪಡಸಾಲೆಯ ದೀಪ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಬಚ್ಚಲ ಮತ್ತು ದನದ ಕೊಟ್ಟಿಗೆಯ ದಾರಿಯಲ್ಲಿ ಅರ್ಧ ವ್ಯಾಟಿನ ಚಿಕ್ಕ ದೀಪಗಳನ್ನು ರಾತ್ರಿಯಿಡೀ ಉರಿಸಿ. ಕೊಟ್ಟಿಗೆಯ ದೀಪದ ಗುಂಡಿ ಒಳಗೆ ಕಾಲಿಡುವ ಮೊದಲೇ ಕೈಗೆ ಸಿಗುವಂತಿರಲಿ. ದೀಪ ಹಾವನ್ನು ಓಡಿಸುವುದಿಲ್ಲ, ತೋರಿಸುತ್ತದೆ ಅಷ್ಟೆ. ಆದ್ದರಿಂದ ಬಣವಿಗೆ ಹೋಗುವಾಗ ಬ್ಯಾಟರಿ ಬಿಡಬೇಡಿರಿ. ಹೊರಗಿನ ದೀಪ ಹಳದಿ ಬಣ್ಣದ್ದಾಗಿರಲಿ. ಬಿಳಿ ಬೆಳಕಿಗೆ ಹುಳುಗಳು ಹೆಚ್ಚು ಬರುತ್ತವೆ, ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು ಬರುತ್ತದೆ.

ಖರ್ಚಿನ ಲೆಕ್ಕ

ಹಳೆಯ 60 ವ್ಯಾಟಿನ ಒಂದು ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯುನಿಟ್. ಇದಕ್ಕೆ ಬದಲಾಗಿ:

- ಪಡಸಾಲೆ, 9 ವ್ಯಾಟ್, 5 ತಾಸು: 1.35 ಯುನಿಟ್
- ಅಡಿಗೆಮನೆ, 9 ವ್ಯಾಟ್, 4 ತಾಸು: 1.08 ಯುನಿಟ್
- ಓದು, 5 ವ್ಯಾಟ್, 3 ತಾಸು: 0.45 ಯುನಿಟ್
- ಕೊಟ್ಟಿಗೆ, 5 ವ್ಯಾಟ್, 2 ತಾಸು: 0.30 ಯುನಿಟ್
- ದಾರಿಯ ಎರಡು ದೀಪ, ತಲಾ ಅರ್ಧ ವ್ಯಾಟ್, 10 ತಾಸು: 0.30 ಯುನಿಟ್

ಒಟ್ಟು 3.48 ಯುನಿಟ್. ಅಂದರೆ ಆರು ದೀಪಗಳು ಸೇರಿಯೂ ಹಳೆಯ ಒಂದು ಬಲ್ಬಿನ ಅರ್ಧದಷ್ಟು ವಿದ್ಯುತ್ತನ್ನೂ ತೆಗೆದುಕೊಳ್ಳುವುದಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿಯೂ ಬಳಕೆಗೆ ಮಿತಿ ಇರುವುದರಿಂದ ಈ ಉಳಿತಾಯ ಎಲ್ಲರಿಗೂ ಲಾಭದಾಯಕ.

ಎಚ್ಚರಿಕೆ

ಮಳೆಗಾಲದಲ್ಲಿ ಮಾಳಿಗೆ ಸೋರುವುದುಂಟು. ಆದ್ದರಿಂದ ತಂತಿಗಳನ್ನು ಕೊಳವೆಯೊಳಗೆ ಹಾಯಿಸಿ, ಕಣಿಕೆ ಮತ್ತು ಹೊಟ್ಟಿನಿಂದ ದೂರವಿಡಿ. ಅರ್ಥಿಂಗ್ ಕಡ್ಡಾಯವಾಗಿ ಇರಲಿ. ಜೋಡಣೆಯನ್ನು ಪರವಾನಿಗೆ ಇದ್ದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಿ.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಒಲೆಯ ಮುಂದೆ, ಮಕ್ಕಳ ಪುಸ್ತಕದ ಮುಂದೆ, ಗ್ವಾದಲಿಯ ಬಳಿ ನಿಂತು ನೋಡಿರಿ. ನಿಮ್ಮ ನೆರಳು ಎಲ್ಲಿ ಬೀಳುತ್ತದೆಯೋ ಅಲ್ಲಿಗೆ ಮೊದಲ ದೀಪ ಹಾಕಿಸಿರಿ.