ಹ್ಯಾಂಡಲ್ ಜಾರುವ ಸೈಕಲ್ಲು

ಇಳಕಲ್ಲಿನ ನೇಕಾರರಿಗೂ ಹುನಗುಂದದ ಎರೆಹೊಲದ ರೈತರಿಗೂ ಸೈಕಲ್ಲು ಬಹುಕಾಲದ ಒಡನಾಡಿ. ನಮ್ಮ ಬಾಗಲಕೋಟೆ ಜಿಲ್ಲೆ ಸೈಕಲ್ ಪಂದ್ಯದ ಪಟುಗಳಿಗೂ ಹೆಸರಾದುದು. ಆದರೂ ಹ್ಯಾಂಡಲ್ ಏಕೆ ಜಾರುತ್ತದೆಂದು ಕೇಳಿದರೆ ‘ಬೋಲ್ಟು ಸಡಿಲಾಗಿದೆ’ ಎಂಬ ಒಂದೇ ಉತ್ತರ ಬರುತ್ತದೆ. ಅದು ಅರ್ಧ ಸತ್ಯ. ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆಂದು ಗುರುಗಳು ನಗಬಹುದು. ಮನೆತನದಲ್ಲಿ ಮೊದಲು ಕಾಲೇಜು ಕಂಡ ನಾನು ರಜೆಗಳಲ್ಲಿ ಸೈಕಲ್ ಅಂಗಡಿಯಲ್ಲಿ ದುಡಿದು ಫೀ ಕಟ್ಟಿದವನು. ಅಲ್ಲಿ ಕಲಿತುದನ್ನೇ ಇಲ್ಲಿ ಬರೆದಿದ್ದೇನೆ.

ಜಾರುವಿಕೆ ಎರಡು ಬಗೆ. ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುವಿರಿ. ಗಾಲಿ ನಿಂತು ಹ್ಯಾಂಡಲ್ ಮಾತ್ರ ತಿರುಗಿದರೆ ದೋಷ ಕೊಳವೆಯೊಳಗಿನ ಬೆಣೆಯದು. ಹಳೆಯ ಕಡ್ಡಿಬ್ರೇಕಿನ ಸೈಕಲ್ಲುಗಳಲ್ಲಿ ಇದೇ ಹೆಚ್ಚು. ಮೇಲಿನ ಬೋಲ್ಟನ್ನು ಬಿಗಿದರೆ ಬೆಣೆ ಮೇಲೆದ್ದು ಒಳಗಿನಿಂದ ಒತ್ತಿ ಹಿಡಿಯುತ್ತದೆ.

ಎರಡನೆಯದು, ಹ್ಯಾಂಡಲ್ ಕ್ಲಾಂಪಿನಲ್ಲಿಯೇ ಹೊರಳುವುದು. ಇದು ಹೆಚ್ಚು ಅಪಾಯದ್ದು. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಮೈಭಾರವೆಲ್ಲ ಮುಂದಕ್ಕೆ ಬರುತ್ತದೆ. ಆಗ ಹ್ಯಾಂಡಲ್ ಕೆಳಗೆ ಹೊರಳಿದರೆ ಸವಾರ ನೆಲ ಕಚ್ಚುತ್ತಾನೆ.

ಕ್ಲಾಂಪು ಹಿಡಿಯುವುದು ಘರ್ಷಣೆಯ ಬಲದಿಂದ. ನಡುವೆ ಎಣ್ಣೆ, ಧೂಳು ಸೇರಿದರೆ ಹಿಡಿತ ತಗ್ಗುತ್ತದೆ. ಬಿಚ್ಚಿ, ಎರಡನ್ನೂ ಸಾಬೂನಿನ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿರಿ. ಎಣ್ಣೆಯ ಹನಿ ಬೋಲ್ಟಿನ ಥ್ರೆಡ್ಡಿಗೆ ಮಾತ್ರ. ಬಿರುಕು ಕಂಡರೆ ಆ ಭಾಗವನ್ನು ಬದಲಿಸತಕ್ಕದ್ದು.

ಬಳಿಕ ಕ್ಲಾಂಪಿನ ಸೀಳನ್ನು ನೋಡಿರಿ. ಬಿಗಿದಾಗ ಅದರ ಎರಡು ತುಟಿಗಳು ಕೂಡಿಕೊಂಡರೆ ಬೋಲ್ಟಿನ ಬಲ ತುಟಿಗಳಿಗೆ ಹೋಗುತ್ತದೆ, ಹ್ಯಾಂಡಲಿಗೆ ತಲಪುವುದಿಲ್ಲ. ಕ್ಲಾಂಪು ಅಗಲಿದೆ, ಇಲ್ಲವೆ ಹ್ಯಾಂಡಲ್ ಸಣ್ಣದು ಎಂದರ್ಥ. ಹ್ಯಾಂಡಲಿನ ನಡುಭಾಗ 25.4, 26, 31.8 ಮಿ.ಮೀ. ಹೀಗೆ ಹಲವು ಅಳತೆಗಳಲ್ಲಿ ಬರುತ್ತದೆ. 26ರ ಕ್ಲಾಂಪಿಗೆ 25.4ರ ಹ್ಯಾಂಡಲ್ ಹಾಕಿದರೆ ಕಣ್ಣಿಗೆ ಸರಿಯೆನಿಸಿದರೂ ಹಿಡಿತ ಸಾಲದು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ ಪಟ್ಟಿಯನ್ನು ಸುತ್ತಿ ಮೆಲ್ಲಗೆ ಊರು ಮುಟ್ಟಬಹುದು; ಆದರೆ ನಿಜವಾದ ಪರಿಹಾರ ಸರಿಯಳತೆಯ ಭಾಗವೇ.

ನಾಲ್ಕು ಬೋಲ್ಟುಗಳಿದ್ದಲ್ಲಿ ಮೂಲೆಯಿಂದ ಎದುರು ಮೂಲೆಗೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮೇಲಿನ, ಕೆಳಗಿನ ಸಂದುಗಳು ಸಮವಾಗಿರಲಿ. ಉದ್ದನೆಯ ಪಾನಾ ಹಿಡಿದು ಶಕ್ತಿ ತೋರಿಸಿದರೆ ಥ್ರೆಡ್ಡು ಕೆಡುತ್ತದೆ. ಕಡೆಗೆ ಎರಡೂ ಹಿಡಿಗಳ ಮೇಲೆ ಮೈಭಾರ ಹಾಕಿ ಪರೀಕ್ಷಿಸಿರಿ.

ಬಾದಾಮಿಯ ಬನಶಂಕರಿ ಜಾತ್ರೆಗೆ ತಮ್ಮನನ್ನೋ ತಂಗಿಯನ್ನೋ ಹಿಂದೆ ಕೂಡಿಸಿಕೊಂಡು ಹೊರಡುವ ಗೆಳೆಯರು ಗಾಲಿಗೆ ಗಾಳಿ ನೋಡುವಂತೆಯೇ ಇದನ್ನೂ ನೋಡಿಕೊಳ್ಳಲಿ ಎಂಬುದೇ ನನ್ನ ವಿಜ್ಞಾಪನೆ.