ವಿಮ್ ಬಾರದಿದ್ದರೆ ಹಿಂದುಳಿದಂತೆಯೇ?

ಪ್ರಶ್ನೆ: ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಜಾವಾ ಕೋಡನ್ನು ಇಂಟೆಲಿಜೆಯಲ್ಲಿ ಬರೆಯುತ್ತೇನೆ. ಟೀಮಿನ ಹಿರಿಯರೊಬ್ಬರು ಮೌಸ್ ಮುಟ್ಟದೆ ವಿಮ್‌ನಲ್ಲೇ ಎಲ್ಲ ಮುಗಿಸುತ್ತಾರೆ, ನನ್ನನ್ನು ಕಂಡು ನಗುತ್ತಾರೆ. ನಾನೂ ಬದಲಾಗಬೇಕೆ?

ಉತ್ತರ: ನಗುವವರು ನಗಲಿ, ನೀವು ಇಂಟೆಲಿಜೆ ಬಿಡಬೇಡಿ. ನೂರಾರು ಫೈಲುಗಳ ಜಾವಾ ಪ್ರಾಜೆಕ್ಟಿನಲ್ಲಿ ಒಂದು ಮೆಥಡ್‌ನ ಹೆಸರು ಬದಲಿಸಿದರೆ, ಅದನ್ನು ಬಳಸಿದ ಕಡೆಯೆಲ್ಲ ತಾನೇ ತಿದ್ದುವುದು, ಕೋಡನ್ನು ಸಾಲುಸಾಲಾಗಿ ನಿಲ್ಲಿಸಿ ತಪ್ಪು ಹುಡುಕಲು ಬಿಡುವುದು ಅದರ ಬಲ. ಪ್ಲಗಿನ್ ಹಾಕಿಕೊಂಡರೆ ವಿಮ್‌ನಲ್ಲೂ ಇವು ಸಾಧ್ಯ; ಆದರೆ ಆ ಹೊಂದಾಣಿಕೆಗೇ ಹೊಸಬರ ಎಷ್ಟೋ ಸಂಜೆಗಳು ಹೋಗುತ್ತವೆ.

ಹಾಗೆಂದು ವಿಮ್ ಬರೀ ಒಣಜಂಬವಲ್ಲ. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಡಿಟರ್‌ನ ವಂಶ ಅದು. ಲಿನಕ್ಸ್ ಸರ್ವರ್‌ಗೆ ಲಾಗಿನ್ ಆದಾಗ ಸಾಮಾನ್ಯವಾಗಿ ಕೈಗೆ ಸಿಗುವುದು ಇವೆರಡರಲ್ಲಿ ಒಂದು. ನಡುರಾತ್ರಿ ಕಾನ್ಫಿಗ್ ಫೈಲ್ ತಿದ್ದಬೇಕಾದಾಗ, ಎಡಿಟರ್‌ನಿಂದ ಹೊರಬರುವುದು ಹೇಗೆಂದು ಗೂಗಲ್‌ನಲ್ಲಿ ಹುಡುಕುವಂತಾಗಬಾರದು.

ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠ ಸುಮಾರು ಅರ್ಧ ಗಂಟೆಯದು. ಮೊದಲು ಅದನ್ನು ಮುಗಿಸಿ. ಹಿಡಿಸಿದರೆ ಇಂಟೆಲಿಜೆಗೆ ಐಡಿಯಾವಿಮ್ ಪ್ಲಗಿನ್ ಹಾಕಿಕೊಳ್ಳಿ: ಡಿಬಗರ್ ಅಲ್ಲೇ ಇರುತ್ತದೆ, ಕೀಲಿಗಳು ಮಾತ್ರ ವಿಮ್‌ನವು. ಹಿಡಿಸದಿದ್ದರೆ ಇಂಟೆಲಿಜೆಯದೇ ಶಾರ್ಟ್‌ಕಟ್‌ಗಳನ್ನು ಒಂದೊಂದಾಗಿ ರೂಢಿಸಿಕೊಳ್ಳಿ. ಕೋಡ್ ರಿವ್ಯೂ ಮಾಡುವವರು ನೋಡುವುದು ಕೋಡನ್ನೇ ಹೊರತು ಎಡಿಟರನ್ನಲ್ಲ.